ಕಂಟೈನರಿನೊಳಗೆ ನೋಡ್ ಜೆಎಸ್: ಕಾಸರಗೋಡಿನ ಸರ್ವರುಗಳಲ್ಲಿ ಡಿಫಾಲ್ಟ್‌ಗಳನ್ನು ನಂಬಿದರೆ ಕೆಡುವುದೆಲ್ಲಿ

ಕಾಸರಗೋಡಿನ ಒಂದು ಸಹಕಾರಿ ಸಂಘಕ್ಕೋ ಅಡಿಕೆ ವ್ಯಾಪಾರದ ಕಚೇರಿಗೋ ಬಿಲ್ಲಿಂಗ್ ಆಪ್ ಬರೆಯುವವರು ಕೆಲವು ಸಂಗತಿಗಳನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಸದಸ್ಯರ ಹೆಸರು ಕನ್ನಡದಲ್ಲೂ ಇರುತ್ತದೆ, ಮಲಯಾಳದಲ್ಲೂ ಇರುತ್ತದೆ. ಆಟಿಯ ಮಳೆಗಾಲದಲ್ಲಿ ಕರೆಂಟು ಹೇಳದೆ ಕೇಳದೆ ಹೋಗುತ್ತದೆ. ಸರ್ವರ್ ಎಂದರೆ ಹಲವು ಕಡೆ ಕಚೇರಿಯ ಮೂಲೆಯಲ್ಲಿ ಯುಪಿಎಸ್ ಪಕ್ಕಕ್ಕೆ ಇಟ್ಟ 8 ಜಿಬಿ ಮೆಮೊರಿಯ ಮಿನಿ ಪಿಸಿ. ಮಳೆ ಬಿದ್ದರೆ ನೆಟ್ಟು ಸಣ್ಣಗಾಗುತ್ತದೆ. ಡಾಕರ್ (ಆಪ್ ಅನ್ನು ಅದಕ್ಕೆ ಬೇಕಾದದ್ದೆಲ್ಲದರ ಜೊತೆ ಕಂಟೈನರ್ ಎಂಬ ಪ್ರತ್ಯೇಕ ಡಬ್ಬಿಯಲ್ಲಿ ಓಡಿಸುವ ಸಾಧನ) ಮತ್ತು ನೋಡ್ ಜೆಎಸ್ (ಜಾವಾಸ್ಕ್ರಿಪ್ಟ್ ಕೋಡನ್ನು ಸರ್ವರಿನಲ್ಲಿ ಓಡಿಸುವ ತಂತ್ರಾಂಶ) ತಮ್ಮ ಡಿಫಾಲ್ಟ್‌ಗಳನ್ನು, ಅಂದರೆ ನಾವು ಏನೂ ಬರೆಯದಿದ್ದಾಗ ತಾವೇ ಹಿಡಿಯುವ ಆಯ್ಕೆಗಳನ್ನು, ಇಟ್ಟುಕೊಂಡಿರುವುದು ಬೇರೆಯೇ ಜಾಗಕ್ಕೆ: ನಿಲ್ಲದ ವಿದ್ಯುತ್ತು, ದಪ್ಪ ನೆಟ್‌ವರ್ಕು, ಇಂಗ್ಲಿಷ್ ಅಕ್ಷರ, ಗ್ರೀನಿಚ್ ಸಮಯ. ನಮ್ಮ ಕಡೆ ಈ ಆಪ್‌ಗಳು ಕೆಡುವಾಗ ಕೋಡಿನಲ್ಲಿ ತಪ್ಪು ಹುಡುಕುತ್ತ ಕೂರುತ್ತೇವೆ. ತಪ್ಪು ಬಹಳ ಸಲ ಯಾರೂ ಬರೆಯದೆ ಬಿಟ್ಟ ಆ ಡಿಫಾಲ್ಟ್‌ಗಳಲ್ಲಿ ಇರುತ್ತದೆ.

ಮೊದಲು ಒಂದು ಮಾತು: ಎಲ್ಲದಕ್ಕೂ ಕಂಟೈನರ್ ಬೇಕಾಗಿಲ್ಲ. ಒಂದು ಯಂತ್ರ, ಒಂದು ಆಪ್ ಇದ್ದರೆ ನೋಡ್ ಅನ್ನು ನೇರವಾಗಿ ಸ್ಥಾಪಿಸಿ ಸಿಸ್ಟಂಡಿ (ಲಿನಕ್ಸ್‌ನಲ್ಲಿ ಸೇವೆಗಳನ್ನು ಎಬ್ಬಿಸಿ ನಡೆಸುವ ವ್ಯವಸ್ಥೆ) ಸರ್ವಿಸ್ ಮಾಡಿದರೆ ಸಾಕು, ಮೆಮೊರಿ ಮಿತಿಯನ್ನೂ ಅಲ್ಲೇ ಹಾಕಬಹುದು. ಕಂಟೈನರಿನ ಲಾಭ ಕಾಣುವುದು ಒಂದೇ ಪೆಟ್ಟಿಗೆಯಲ್ಲಿ ಮೂರು ಆಪ್ ಮೂರು ಬೇರೆ ನೋಡ್ ಆವೃತ್ತಿಯಲ್ಲಿ ಓಡಬೇಕಾದಾಗ, ಅಥವಾ ಬದಿಯಡ್ಕದಲ್ಲಿ ಒಂದು, ಉಪ್ಪಳದಲ್ಲಿ ಇನ್ನೊಂದು, ಮುಳ್ಳೇರಿಯದಲ್ಲಿ ಮತ್ತೊಂದು ಸರ್ವರನ್ನು ಒಬ್ಬರೇ ನೋಡಿಕೊಳ್ಳಬೇಕಾದಾಗ. ಅಲ್ಲಿಗೂ ಹಲವು ಕಂಟೈನರುಗಳನ್ನು ಒಂದೇ ಫೈಲಿನಿಂದ ನಡೆಸುವ ಡಾಕರ್ ಕಂಪೋಸ್ ಧಾರಾಳ. ಹಲವು ಯಂತ್ರಗಳ ಕಂಟೈನರುಗಳನ್ನು ನಡೆಸಲೆಂದು ಇರುವ ಕುಬರ್ನೆಟಿಸನ್ನು ಒಂದು ಮಿನಿ ಪಿಸಿಯ ಮೇಲೆ ಹೇರುವುದು ನನ್ನ ಮಟ್ಟಿಗೆ ಸಂಘದ ದುಡ್ಡನ್ನೂ ನೋಡಿಕೊಳ್ಳುವವರ ರಾತ್ರಿಯನ್ನೂ ಹಾಳುಮಾಡುವ ಕೆಲಸ.

ಇಮೇಜು ಕಟ್ಟುವಾಗ

ಇಮೇಜು ಎಂದರೆ ಕಂಟೈನರನ್ನು ಹೂಡುವ ಸಿದ್ಧ ಅಚ್ಚು. ನೋಡ್‌ನ ಅಧಿಕೃತ ಇಮೇಜು ಮೂರು ರೂಪದಲ್ಲಿ ಸಿಗುತ್ತದೆ. ಪೂರ್ಣ ಇಮೇಜು ಡಿಸ್ಕಿನಲ್ಲಿ 1 ಜಿಬಿ ದಾಟುತ್ತದೆ, ಕುಗ್ಗಿಸಿ ಇಳಿಸಿಕೊಳ್ಳುವಾಗ ಸುಮಾರು 400 ಎಂಬಿ. ಸ್ಲಿಮ್ ರೂಪ ಇಳಿಸಲು ಸುಮಾರು 80 ಎಂಬಿ. 10 ಎಂಬಿಪಿಎಸ್ ಸಂಪರ್ಕದಲ್ಲಿ ಮೊದಲನೆಯದಕ್ಕೆ ಐದು ನಿಮಿಷಕ್ಕಿಂತ ಹೆಚ್ಚು, ಎರಡನೆಯದಕ್ಕೆ ಸುಮಾರು ಒಂದು ನಿಮಿಷ. ಮೂರನೆಯದು ಆಲ್ಪೈನ್, ಇನ್ನೂ ಚಿಕ್ಕದು. ಚಿಕ್ಕದೆಂದು ಅದಕ್ಕೇ ಕೈಹಾಕುವವರು ಒಂದು ವಿಷಯ ತಿಳಿದಿರಬೇಕು: ಆಲ್ಪೈನ್‌ನಲ್ಲಿ ಹೆಚ್ಚಿನ ಲಿನಕ್ಸ್‌ಗಳ ಮೂಲ ಲೈಬ್ರರಿಯಾದ ಜಿಲಿಬ್‌ಸಿ ಇಲ್ಲ, ಅದರ ಜಾಗದಲ್ಲಿ ಮಸ್ಲ್ ಎಂಬ ಬೇರೆ ಸಿ ಲೈಬ್ರರಿ ಇದೆ. ಬಿಕ್ರಿಪ್ಟ್, ಶಾರ್ಪ್ ಮುಂತಾದ ನೇಟಿವ್ ಮಾಡ್ಯೂಲುಗಳಿಗೆ (ಯಂತ್ರಭಾಷೆಗೆ ಕಂಪೈಲ್ ಆದ ಭಾಗವಿರುವ ಪ್ಯಾಕೇಜುಗಳು) ಮಸ್ಲ್‌ಗೆಂದೇ ಕಟ್ಟಿದ ಬೈನರಿ ಬೇಕು. ಅದು ಸಿಗದಿದ್ದರೆ ಪೈಥಾನು, ಸಿ ಕಂಪೈಲರು ಎಲ್ಲ ಎಳೆದು ತಂದು ಅಲ್ಲೇ ಕಟ್ಟಬೇಕಾಗುತ್ತದೆ, ಉಳಿಸಿದ ಎಂಬಿಗಳೆಲ್ಲ ಅಲ್ಲಿಗೇ ಮುಗಿದವು. ಡೆಬಿಯನ್ ಬುಕ್‌ವರ್ಮ್ ಆಧಾರಿತ ಸ್ಲಿಮ್ ಇಮೇಜೇ ನಮ್ಮ ಬಗೆಯ ಕೆಲಸಕ್ಕೆ ಸರಿಯಾದ ಆಯ್ಕೆ.

ಇಮೇಜು ಕಟ್ಟುವ ಆಜ್ಞೆಗಳಿರುವ ಡಾಕರ್‌ಫೈಲಿನ ಸಾಲುಗಳ ಕ್ರಮ ಸಣ್ಣ ನೆಟ್ಟಿನ ಊರಲ್ಲಿ ನೇರವಾಗಿ ಸಮಯದ ಪ್ರಶ್ನೆ. ಇಮೇಜು ಪದರಪದರವಾಗಿ ಕಟ್ಟಿಕೊಳ್ಳುತ್ತದೆ. ಒಂದು ಪದರ ಬದಲಾದರೆ ಅದರ ಮೇಲಿನವೆಲ್ಲ ಮತ್ತೆ ಕಟ್ಟಬೇಕು, ಮತ್ತೆ ಸಾಗಿಸಬೇಕು. ಹಾಗಾಗಿ ಮೊದಲು ಪ್ಯಾಕೇಜ್ ಜೇಸನ್ (ಆಪ್‌ಗೆ ಬೇಕಾದ ಪ್ಯಾಕೇಜುಗಳ ಪಟ್ಟಿ) ಮತ್ತು ಲಾಕ್ ಫೈಲು (ಅವುಗಳ ನಿಖರ ಆವೃತ್ತಿ) ಎರಡನ್ನೇ ಕಾಪಿ ಮಾಡಿ, ನೋಡ್‌ನ ಪ್ಯಾಕೇಜು ಇಳಿಸುವ ಸಾಧನವಾದ ಎನ್‌ಪಿಎಂನ 'ಎನ್‌ಪಿಎಂ ಸಿಐ' ಓಡಿಸಿ, ಆಮೇಲೆ ಉಳಿದ ಸೋರ್ಸು ಕಾಪಿ ಮಾಡಬೇಕು. ಹೀಗಿದ್ದರೆ ಬಿಲ್ಲಿನ ಒಂದು ಸಾಲು ತಿದ್ದಿದ ದಿನ ಮೇಲಿನ ಕೆಲವು ಎಂಬಿಯ ಪದರ ಮಾತ್ರ ಸಾಗುತ್ತದೆ. ಸೋರ್ಸನ್ನೆಲ್ಲ ಮೊದಲೇ ಕಾಪಿ ಮಾಡಿದರೆ ಒಂದು ಅಲ್ಪವಿರಾಮ ತಿದ್ದಿದರೂ ಇಡೀ ನೋಡ್ ಮಾಡ್ಯೂಲ್ಸ್, ಅಂದರೆ ಇಳಿಸಿದ ಪ್ಯಾಕೇಜುಗಳ ಫೋಲ್ಡರು, ಹೊಸದಾಗಿ ಇಳಿಯುತ್ತದೆ.

ಇಮೇಜಿಗೆ ಸೇರಬಾರದ ಫೈಲುಗಳ ಪಟ್ಟಿಯಾದ ಡಾಕರ್‌ಇಗ್ನೋರ್ ಫೈಲು ಇಲ್ಲದೆ ಇಮೇಜು ಕಟ್ಟಬಾರದು. ವಿಂಡೋಸ್ ಲ್ಯಾಪ್‌ಟಾಪಿನ ನೋಡ್ ಮಾಡ್ಯೂಲ್ಸ್ ಫೋಲ್ಡರು ಕಂಟೈನರಿನೊಳಗೆ ನುಸುಳಿದರೆ ಆಪ್ ಏಳುವಾಗಲೇ 'ಇನ್‌ವ್ಯಾಲಿಡ್ ಇಎಲ್‌ಎಫ್ ಹೆಡರ್' ಎಂದು ಬೀಳುತ್ತದೆ. ವಿಂಡೋಸ್‌ಗೆ ಕಟ್ಟಿದ ಬೈನರಿಯನ್ನು ಲಿನಕ್ಸ್ ಓದಲು ನೋಡಿದ ಫಲ ಅದು. ಅದಕ್ಕಿಂತ ಕೆಟ್ಟದ್ದು ಗುಟ್ಟಿನ ಸೆಟ್ಟಿಂಗುಗಳಿರುವ ಎನ್‌ವಿ ಫೈಲು ಒಳಗೆ ಹೋಗುವುದು. ಡೇಟಾಬೇಸಿನ ಪಾಸ್‌ವರ್ಡು ಒಮ್ಮೆ ಒಂದು ಪದರದಲ್ಲಿ ಕೂತರೆ ಮುಂದಿನ ಸಾಲಿನಲ್ಲಿ ಅಳಿಸಿದರೂ ಹಿಂದಿನ ಪದರದಲ್ಲಿ ಉಳಿದೇ ಇರುತ್ತದೆ. ಇಮೇಜು ಸಿಕ್ಕವರಿಗೆಲ್ಲ ಅದೂ ಸಿಕ್ಕಂತೆ.

ಇಮೇಜಿನೊಳಗೆ ಏನೇನು ಸೇರುತ್ತದೆ ಎಂಬ ವಿಷಯಕ್ಕೆ 2025ರ ಸೆಪ್ಟೆಂಬರಿನಿಂದ ಹೊಸ ತುರ್ತು ಬಂದಿದೆ. ಆ ತಿಂಗಳ 8ರಂದು ಚಾಕ್, ಡಿಬಗ್ ಸೇರಿದಂತೆ ಎನ್‌ಪಿಎಂನ ಬಹು ಬಳಕೆಯ ಪ್ಯಾಕೇಜುಗಳಲ್ಲಿ ದುಷ್ಟ ಕೋಡು ಸೇರಿತು. ನಿರ್ವಾಹಕರೊಬ್ಬರನ್ನು ಸುಳ್ಳು ಇಮೇಲಿನಿಂದ ವಂಚಿಸಿ ಖಾತೆ ಹಿಡಿದಿದ್ದರು. ಅದೇ ತಿಂಗಳು ಶಾಯ್-ಹುಲುದ್ ಎಂಬ ಹುಳ ಡೆವಲಪರುಗಳ ಟೋಕನ್ ಕದ್ದು ಒಂದು ಪ್ಯಾಕೇಜಿನಿಂದ ಇನ್ನೊಂದಕ್ಕೆ ತಾನಾಗಿ ಹರಡಿತು, ನವೆಂಬರಿನಲ್ಲಿ ಅದರ ಎರಡನೆಯ ಅಲೆ ಬಂತು. ಇಂಥ ಹೊತ್ತಲ್ಲಿ 'ಎನ್‌ಪಿಎಂ ಇನ್‌ಸ್ಟಾಲ್' ಮತ್ತು 'ಎನ್‌ಪಿಎಂ ಸಿಐ' ನಡುವಿನ ವ್ಯತ್ಯಾಸ ದೊಡ್ಡದು. ಎರಡನೆಯದು ಲಾಕ್ ಫೈಲಿನಲ್ಲಿ ಬರೆದ ಆವೃತ್ತಿಯನ್ನು ಬಿಟ್ಟು ಬೇರೆಯದನ್ನು ತರುವುದಿಲ್ಲ, ಲಾಕ್ ಫೈಲಿಗೂ ಪ್ಯಾಕೇಜ್ ಜೇಸನ್ನಿಗೂ ತಾಳೆಯಾಗದಿದ್ದರೆ ನಿಂತುಬಿಡುತ್ತದೆ. ಅದರ ಜೊತೆ 'ಇಗ್ನೋರ್-ಸ್ಕ್ರಿಪ್ಟ್ಸ್' (ಪ್ಯಾಕೇಜು ಇಳಿಯುವಾಗ ತನ್ನ ಸ್ಕ್ರಿಪ್ಟು ಓಡಿಸದಂತೆ ತಡೆಯುವ) ಆಯ್ಕೆ ಹಾಕಿ, ನಿಜವಾಗಿ ಬೇಕಾದ ಒಂದೆರಡು ಮಾಡ್ಯೂಲುಗಳಿಗೆ ಮಾತ್ರ ಸ್ಕ್ರಿಪ್ಟು ಓಡಿಸಿ. ಆಪ್ ಅನ್ನು ರೂಟ್ (ಎಲ್ಲ ಅಧಿಕಾರ ಇರುವ ಬಳಕೆದಾರ) ಆಗಿ ಓಡಿಸಬೇಡಿ: ಅಧಿಕೃತ ಇಮೇಜಿನಲ್ಲಿ 'ನೋಡ್' ಎಂಬ ಬಳಕೆದಾರ, ಯುಐಡಿ ಅಂದರೆ ಬಳಕೆದಾರ ಸಂಖ್ಯೆ 1000, ಸಿದ್ಧವಾಗಿಯೇ ಇದೆ. ಅದಕ್ಕೆ ಬದಲಾದ ಮೇಲೆ ಹೊರಗಿನಿಂದ ಮೌಂಟ್ ಮಾಡಿದ ಅಪ್‌ಲೋಡ್ ಫೋಲ್ಡರಿಗೆ ಬರೆಯಲಾಗದೆ ಅನುಮತಿ ದೋಷ ಬಂದರೆ ಮರಳಿ ರೂಟ್ ಮಾಡುವ ಆಸೆಗೆ ಬೀಳದೆ ಆ ಫೋಲ್ಡರಿನ ಒಡೆತನವನ್ನು 1000ಕ್ಕೆ ಬದಲಿಸಿ.

ಕರೆಂಟು ಹೋಗುವುದು, ಬರುವುದು

ಯುಪಿಎಸ್ ಬ್ಯಾಟರಿ ಮುಗಿಯುವ ಮುನ್ನ ಯಂತ್ರವನ್ನು ಮುಚ್ಚಲು ಹೇಳುತ್ತದೆ ಎಂದಿಟ್ಟುಕೊಳ್ಳಿ. ಡಾಕರ್ ಪ್ರತಿ ಕಂಟೈನರಿನ ಮೊದಲ ಪ್ರೊಸೆಸ್ಸಿಗೆ, ಅಂದರೆ ಪಿಐಡಿ 1ಕ್ಕೆ, ಕೆಲಸ ಮುಗಿಸಿ ನಿಲ್ಲು ಎನ್ನುವ ಸಿಗ್‌ಟರ್ಮ್ ಎಂಬ ಸಂಕೇತ ಕಳಿಸುತ್ತದೆ. ಸಾಮಾನ್ಯ ಪ್ರೊಸೆಸ್ಸು ಈ ಸಂಕೇತಕ್ಕೆ ತಾನಾಗಿ ಸಾಯುತ್ತದೆ. ಆದರೆ ಲಿನಕ್ಸ್ ಕರ್ನೆಲ್ ಪಿಐಡಿ 1ಕ್ಕೆ ವಿಶೇಷ ಮರ್ಯಾದೆ ಕೊಡುತ್ತದೆ: ಆ ಪ್ರೊಸೆಸ್ಸು ಸಂಕೇತವನ್ನು ಹಿಡಿಯುವ ಹ್ಯಾಂಡ್ಲರ್ ಬರೆದಿರದಿದ್ದರೆ ಸಿಗ್‌ಟರ್ಮ್ ಏನೂ ಮಾಡುವುದಿಲ್ಲ. 'ಡಾಕರ್ ಸ್ಟಾಪ್' 10 ಸೆಕೆಂಡು ಕಾಯುತ್ತದೆ, ಆಮೇಲೆ ಸಿಗ್‌ಕಿಲ್, ಅಂದರೆ ಬಲವಂತವಾಗಿ ಕೊಲ್ಲುವ 9ನೇ ಸಂಕೇತ. ಆಪ್ 137 ಎಂಬ ಕೋಡಿನೊಂದಿಗೆ ಹೋಗುತ್ತದೆ, ಅಂದರೆ 128 ಕೂಡಿಸು 9. ಅರ್ಧ ಬರೆದ ರಸೀದಿ ಅರ್ಧದಲ್ಲೇ ನಿಲ್ಲುತ್ತದೆ.

ಇದನ್ನು ಇನ್ನಷ್ಟು ಹದಗೆಡಿಸುವುದು ಡಾಕರ್‌ಫೈಲಿನ ಕೊನೆಯ ಸಾಲು. ಅಲ್ಲಿ 'ಎನ್‌ಪಿಎಂ ಸ್ಟಾರ್ಟ್' ಎಂದು ಬರೆದರೆ ಪಿಐಡಿ 1 ಆಗುವುದು ಎನ್‌ಪಿಎಂ, ನಿಮ್ಮ ಆಪ್ ಅದರ ಮಗುವೋ ಮೊಮ್ಮಗುವೋ. ಆ ಸಾಲಿನ ಆಜ್ಞೆಯಾದ ಸಿಎಂಡಿಯನ್ನು ಚೌಕ ಆವರಣವಿಲ್ಲದೆ ಬರೆದರೆ ನಡುವೆ ಒಂದು ಶೆಲ್ (ಆಜ್ಞೆ ಓದಿ ಓಡಿಸುವ ಪ್ರೋಗ್ರಾಂ) ಬಂದು ಕೂರುತ್ತದೆ. ಸಂಕೇತ ನಿಮ್ಮ ಕೋಡನ್ನು ಮುಟ್ಟುವ ಖಾತರಿಯೇ ಇಲ್ಲ. ಹಾಗಾಗಿ ಕೊನೆಯ ಸಾಲು ಆವರಣದೊಳಗೆ ನೇರವಾಗಿ 'ನೋಡ್' ಮತ್ತು ಫೈಲಿನ ಹೆಸರು, ಅಷ್ಟೇ. ಕಂಪೋಸ್ ಫೈಲಿನಲ್ಲಿ 'ಇನಿಟ್: ಟ್ರೂ' ಹಾಕಿದರೆ ಟಿನಿ ಎಂಬ ಪುಟ್ಟ ಪ್ರೋಗ್ರಾಂ ಪಿಐಡಿ 1ರ ಜಾಗದಲ್ಲಿ ಕೂತು ಸಂಕೇತವನ್ನು ದಾಟಿಸುತ್ತದೆ, ಸತ್ತ ಮಕ್ಕಳ ಪ್ರೊಸೆಸ್ಸುಗಳನ್ನೂ ಗುಡಿಸುತ್ತದೆ.

ಇನ್ನು ಕೋಡಿನೊಳಗೆ. ಸಿಗ್‌ಟರ್ಮ್ ಬಂದಾಗ ಮೊದಲು 'ಸರ್ವರ್ ಕ್ಲೋಸ್' ಕರೆಯಬೇಕು. ಅದು ಹೊಸ ಸಂಪರ್ಕ ನಿಲ್ಲಿಸಿ ನಡೆಯುತ್ತಿರುವುದು ಮುಗಿಯಲು ಬಿಡುತ್ತದೆ. ನೋಡ್ 19ರಿಂದ ಈಚೆಗೆ ಸುಮ್ಮನೆ ತೆರೆದಿರುವ ಕೀಪ್-ಅಲೈವ್ ಸಂಪರ್ಕಗಳನ್ನೂ ಅದೇ ಮುಚ್ಚುತ್ತದೆ. 18ರಲ್ಲಿ ಅದಕ್ಕೆ ಬೇರೆ ಕರೆ ಬೇಕಿತ್ತು, ಇಲ್ಲದಿದ್ದರೆ ಬ್ರೌಸರ್ ತೆರೆದಿಟ್ಟ ಒಬ್ಬ ಕ್ಲರ್ಕಿನಿಂದ ಮುಚ್ಚುವ ಕೆಲಸ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಆಮೇಲೆ ಡೇಟಾಬೇಸ್ ಪೂಲ್ (ತೆರೆದಿಟ್ಟ ಸಂಪರ್ಕಗಳ ಗುಂಪು) ಮುಚ್ಚಿ, ಕೊನೆಗೆ ಪ್ರೊಸೆಸ್ ಎಕ್ಸಿಟ್. ಇದೆಲ್ಲ ಸಿಕ್ಕಿಬಿದ್ದರೆ ಹೊರಬರಲು 8 ಸೆಕೆಂಡಿನ ಟೈಮರು ಇರಲಿ. ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ 10 ಸೆಕೆಂಡು ಸಾಲದಿರಬಹುದು, ಕಂಪೋಸ್‌ನಲ್ಲಿ 'ಸ್ಟಾಪ್ ಗ್ರೇಸ್ ಪೀರಿಯಡ್' ಒಂದು ನಿಮಿಷವೋ ಒಂದೂವರೆಯೋ ಕೊಡಿ.

ಕರೆಂಟು ಮರಳಿದಾಗಿನ ಕಷ್ಟ ಬೇರೆ. 'ಅನ್‌ಲೆಸ್-ಸ್ಟಾಪ್ಡ್' ಎಂಬ ರಿಸ್ಟಾರ್ಟ್ ನೀತಿ ಇದ್ದರೆ ಎಲ್ಲ ಕಂಟೈನರುಗಳೂ ತಾವಾಗಿ ಏಳುತ್ತವೆ, ಆದರೆ ಸಾಲಾಗಿ ಅಲ್ಲ. ಕಂಪೋಸ್‌ನ 'ಡಿಪೆಂಡ್ಸ್ ಆನ್' ಕ್ರಮ ಅನ್ವಯವಾಗುವುದು ನೀವು ಕಂಪೋಸ್ ಆಜ್ಞೆ ಕೊಟ್ಟಾಗ. ಯಂತ್ರ ಬೂಟ್ ಆಗಿ ಡಾಕರ್ ಡೀಮನ್ (ಹಿನ್ನೆಲೆಯಲ್ಲಿ ಸದಾ ಓಡುವ ಡಾಕರ್ ಪ್ರೋಗ್ರಾಂ) ತಾನಾಗಿ ಎಬ್ಬಿಸುವಾಗ ಆ ಕ್ರಮ ಅದಕ್ಕೆ ಗೊತ್ತಿಲ್ಲ. ಪೋಸ್ಟ್‌ಗ್ರೆಸ್ ದಿಢೀರನೆ ನಿಂತಿದ್ದರೆ ಲಾಗ್ ಓದಿ ಚೇತರಿಸಿಕೊಳ್ಳಲು ಸಮಯ ಹಿಡಿಯುತ್ತದೆ. ಅಷ್ಟರಲ್ಲಿ ನೋಡ್ ಆಪ್ ಎದ್ದು ಸಂಪರ್ಕ ಸಿಗದೆ ಬೀಳುತ್ತದೆ, ಡಾಕರ್ ಮತ್ತೆ ಎಬ್ಬಿಸುತ್ತದೆ. ಈ ಮರುಪ್ರಯತ್ನದ ಅಂತರ 100 ಮಿಲಿಸೆಕೆಂಡಿನಿಂದ ಶುರುವಾಗಿ ಪ್ರತಿ ಸಲ ಇಮ್ಮಡಿಯಾಗುತ್ತ ಒಂದು ನಿಮಿಷದವರೆಗೆ ಹೋಗುತ್ತದೆ. ಡೇಟಾಬೇಸ್ ಸಿದ್ಧವಾದ ಮೇಲೂ ಕೌಂಟರಿನವರು ಕಾದು ಕೂರುವುದು ಇದರಿಂದಲೇ. ಸಂಪರ್ಕಕ್ಕೆ ಎರಡು ಸೆಕೆಂಡಿಗೊಮ್ಮೆ ಮರುಪ್ರಯತ್ನ ಮಾಡುವ ಲೂಪು ಆಪ್‌ನೊಳಗೇ ಇದ್ದರೆ ಈ ತೊಂದರೆ ಇಲ್ಲ.

ಆಪ್ ಸರಿಯಿದೆಯೇ ಎಂದು ಆಗಾಗ ನೋಡುವ ಹೆಲ್ತ್‌ಚೆಕ್ ಬರೆದಿದ್ದೇವೆ, ಆಪ್ ಸಿಕ್ಕಿಕೊಂಡರೆ ಡಾಕರ್ ಎಬ್ಬಿಸುತ್ತದೆ ಎಂದು ನಂಬಿದವರೂ ಇದ್ದಾರೆ. ಬರೀ ಡಾಕರ್ ಹಾಗೆ ಮಾಡುವುದಿಲ್ಲ, 'ಅನ್‌ಹೆಲ್ದಿ' ಎಂದು ಬರೆದಿಟ್ಟು ಸುಮ್ಮನಿರುತ್ತದೆ. ಪ್ರೊಸೆಸ್ಸು ಸತ್ತರೆ ಮಾತ್ರ ಅದು ಎಬ್ಬಿಸುವುದು.

ಡೇಟಾ ಎಲ್ಲಿ ಕೂರುತ್ತದೆ ಎಂಬುದನ್ನೂ ಇಲ್ಲೇ ಹೇಳಬೇಕು. ಕಂಟೈನರಿನ ಒಳಗಿನ ಫೋಲ್ಡರಿಗೆ ಬರೆದ ಫೈಲು ರೀಸ್ಟಾರ್ಟ್ ಆದರೆ ಉಳಿಯುತ್ತದೆ. ಹಾಗಾಗಿ ವಾರಗಟ್ಟಲೆ ಎಲ್ಲ ಸರಿ ಇದ್ದಂತೆ ಕಾಣುತ್ತದೆ. ಹೊಸ ಇಮೇಜು ತಂದು 'ಕಂಪೋಸ್ ಅಪ್' ಕೊಟ್ಟ ದಿನ ಹಳೆಯ ಕಂಟೈನರನ್ನು ತೆಗೆದು ಹೊಸದನ್ನು ಹೂಡುತ್ತದೆ, ಆಪ್ ಫೋಲ್ಡರಿನಲ್ಲಿದ್ದ ಎಸ್‌ಕ್ಯೂಲೈಟ್ ಡೇಟಾಬೇಸ್ ಫೈಲು, ಸದಸ್ಯರ ಫೋಟೊಗಳು ಎಲ್ಲ ಅದರ ಜೊತೆಗೇ ಹೋಗುತ್ತವೆ. ಬರೆಯುವ ಪ್ರತಿಯೊಂದು ಜಾಗಕ್ಕೂ ಹೆಸರಿಟ್ಟ ವಾಲ್ಯೂಮ್ (ಕಂಟೈನರು ಹೋದರೂ ಉಳಿಯುವ ಹೊರಗಿನ ಸಂಗ್ರಹ) ಬೇಕು. ಇದನ್ನು ಪರೀಕ್ಷಿಸುವ ಸುಲಭ ದಾರಿ, ಕಂಟೈನರನ್ನು 'ರೀಡ್ ಓನ್ಲಿ' ಆಗಿ ಓಡಿಸುವುದು. ಎಲ್ಲೆಲ್ಲಿ ಬರೆಯಲು ಹೋಗುತ್ತದೋ ಅಲ್ಲೆಲ್ಲ ತಕ್ಷಣ ದೋಷ ಬರುತ್ತದೆ.

ಮೆಮೊರಿ

512 ಎಂಬಿ ಮಿತಿ ಹಾಕಿದ ಕಂಟೈನರಿನಲ್ಲಿ ನೋಡ್ ಸಾಯುವ ಬಗೆ ಎರಡು. 134 ಕೋಡಿನೊಂದಿಗೆ, 'ಹೀಪ್ ಔಟ್ ಆಫ್ ಮೆಮೊರಿ' ಎಂದು ಲಾಗಿನಲ್ಲಿ ಬರೆದು ಸತ್ತರೆ ಅದು ನೋಡ್‌ನೊಳಗಿನ ಜಾವಾಸ್ಕ್ರಿಪ್ಟ್ ಎಂಜಿನ್ ವಿ8 ತನ್ನ ಹೀಪಿನ (ಕೋಡಿನ ದತ್ತಾಂಶ ಕೂರುವ ಮೆಮೊರಿಯ) ಮಿತಿ ಮುಟ್ಟಿ ತಾನೇ ನಿಂತದ್ದು. 137ರೊಂದಿಗೆ, ಲಾಗಿನಲ್ಲಿ ಒಂದಕ್ಷರವೂ ಇಲ್ಲದೆ ಸತ್ತರೆ ಕರ್ನೆಲ್ ಕೊಂದದ್ದು. 'ಡಾಕರ್ ಇನ್‌ಸ್ಪೆಕ್ಟ್'ನಲ್ಲಿ 'ಓಓಎಂ ಕಿಲ್ಡ್: ಟ್ರೂ' ಎಂದು ಇರುತ್ತದೆ. ಮೊದಲನೆಯದನ್ನು ಹುಡುಕಿ ಸರಿಮಾಡಬಹುದು, ಎರಡನೆಯದು ಸುಳಿವು ಬಿಡುವುದಿಲ್ಲ. ಆದ್ದರಿಂದ ಹೀಪಿನ ಮಿತಿ ಯಾವತ್ತೂ ಕಂಟೈನರಿನ ಮಿತಿಗಿಂತ ಕೆಳಗಿರಬೇಕು: 512ಕ್ಕೆ 'ಮ್ಯಾಕ್ಸ್-ಓಲ್ಡ್-ಸ್ಪೇಸ್-ಸೈಜ್' 350ರ ಆಸುಪಾಸು. ಉಳಿದ ಜಾಗ ಯಾಕೆಂದರೆ ಬಫರುಗಳು, ಥ್ರೆಡ್ಡುಗಳ ಸ್ಟ್ಯಾಕು, ನೇಟಿವ್ ಮಾಡ್ಯೂಲುಗಳ ಮೆಮೊರಿ ಯಾವುದೂ ಆ ಹೀಪಿನ ಲೆಕ್ಕದಲ್ಲಿಲ್ಲ. ವರ್ಷದ ಅಡಿಕೆ ಖರೀದಿಯ ಎಕ್ಸೆಲ್ ಫೈಲನ್ನು ಇಡಿಯಾಗಿ ಬಫರಿಗೆ ಓದಿಕೊಂಡರೆ ಹೀಪು ತಣ್ಣಗಿರುವಾಗಲೇ ಕಂಟೈನರು ಸಾಯುತ್ತದೆ. ಅಂಥದ್ದನ್ನು ಸ್ಟ್ರೀಮ್ ಮಾಡಿ ಓದಬೇಕು.

ಯಂತ್ರದಲ್ಲಿ ಸ್ವಾಪ್ (ಮೆಮೊರಿಯಂತೆ ಬಳಸುವ ಡಿಸ್ಕಿನ ಜಾಗ) ಇದ್ದರೆ ಇನ್ನೊಂದು ಸೂಕ್ಷ್ಮವಿದೆ. ಮೆಮೊರಿ ಮಿತಿ ಮಾತ್ರ ಕೊಟ್ಟು ಸ್ವಾಪ್ ಮಿತಿ ಕೊಡದಿದ್ದರೆ ಡಾಕರ್ ಅಷ್ಟೇ ಪ್ರಮಾಣದ ಸ್ವಾಪನ್ನೂ ಬಳಸಲು ಬಿಡುತ್ತದೆ. ಆಪ್ ಸಾಯುವ ಬದಲು ಡಿಸ್ಕಿನ ಮೇಲೆ ತೆವಳುತ್ತದೆ, ಎಲ್ಲರೂ ನೆಟ್ಟನ್ನು ಬೈಯುತ್ತಾರೆ. ಎರಡು ಮಿತಿಗಳನ್ನೂ ಒಂದೇ ಸಂಖ್ಯೆಗೆ ಇಡಿ.

ಸಿಪಿಯು ವಿಷಯ ಚಿಕ್ಕದು. ಅರ್ಧ ಸಿಪಿಯು ಎಂದು ಮಿತಿ ಹಾಕಿದರೆ ಪ್ರತಿ 100 ಮಿಲಿಸೆಕೆಂಡಿನಲ್ಲಿ 50 ಮಾತ್ರ ಓಡಲು ಸಿಗುತ್ತದೆ, ಉಳಿದ ಹೊತ್ತು ಕರ್ನೆಲ್ ತಡೆದಿಡುತ್ತದೆ. ಆದರೆ ನೋಡ್‌ನ 'ಓಎಸ್ ಸಿಪಿಯೂಸ್' ತೋರಿಸುವುದು ಇಡೀ ಯಂತ್ರದ ಕೋರುಗಳನ್ನು. ಅದನ್ನು ನಂಬಿ, ನೋಡ್ ಪ್ರೊಸೆಸ್ಸುಗಳನ್ನು ನಡೆಸುವ ಪಿಎಂ2ರಲ್ಲಿ 'ಮ್ಯಾಕ್ಸ್' ಎಂದು ಕೊಟ್ಟರೆ 8 ಕೋರಿನ ಯಂತ್ರದಲ್ಲಿ 512 ಎಂಬಿಯ ಕಂಟೈನರಿನೊಳಗೆ 8 ಪ್ರೊಸೆಸ್ಸು ಏಳುತ್ತವೆ. ಒಂದು ಕಂಟೈನರಿಗೆ ಒಂದೇ ನೋಡ್ ಪ್ರೊಸೆಸ್ಸು ಇರಲಿ.

ಎರಡು ಲಿಪಿ

ಡೆಬಿಯನ್ ಸ್ಲಿಮ್ ಇಮೇಜಿನಲ್ಲಿ ಒಂದೂ ಫಾಂಟ್ ಇಲ್ಲ. ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಮೂಡಿದ ಪಿಡಿಎಫ್ ರಸೀದಿ ಕಂಟೈನರಿನಿಂದ ಬಂದಾಗ ಹೆಸರಿನ ಜಾಗದಲ್ಲಿ ಖಾಲಿ ಚೌಕಗಳ ಸಾಲು. ಬ್ರೌಸರನ್ನು ಕೋಡಿನಿಂದ ನಡೆಸುವ ಪಪೆಟಿಯರ್ ಮೂಲಕ ಕ್ರೋಮಿಯಂ ಬ್ರೌಸರಿನಿಂದ ಪಿಡಿಎಫ್ ಮಾಡುವುದು ಕನ್ನಡಕ್ಕೆ ಒಳ್ಳೆಯ ದಾರಿ. ಅದರೊಳಗಿನ ಹಾರ್ಫ್‌ಬಜ್ ಎಂಬ ಅಕ್ಷರ ಜೋಡಿಸುವ ಲೈಬ್ರರಿ ಒತ್ತಕ್ಷರಗಳನ್ನು ಸರಿಯಾಗಿ ಕೂರಿಸುತ್ತದೆ. ಆದರೆ ಫಾಂಟನ್ನು ನೀವೇ ಕೊಡಬೇಕು. 'ಫಾಂಟ್ಸ್-ನೋಟೊ-ಕೋರ್' ಪ್ಯಾಕೇಜಿನಲ್ಲಿ ಕನ್ನಡ, ಮಲಯಾಳ ಎರಡೂ ಇವೆ, ಜೊತೆಗೆ ನಮಗೆ ಬೇಡದ ಹತ್ತಾರು ಲಿಪಿಗಳೂ ಇವೆ. ಬೇಕಾದ ಎರಡು ನೋಟೊ ಫಾಂಟ್ ಫೈಲುಗಳನ್ನಷ್ಟೇ ಇಮೇಜಿಗೆ ಕಾಪಿ ಮಾಡಿ 'ಎಫ್‌ಸಿ-ಕ್ಯಾಶ್' ಓಡಿಸಿದರೆ ಹಗುರ. ಆಮೇಲೆ ಕಂಟೈನರಿನೊಳಗೆ 'ಎಫ್‌ಸಿ-ಲಿಸ್ಟ್' ಅನ್ನು ಕೆಎನ್ (ಕನ್ನಡ) ಮತ್ತು ಎಂಎಲ್ (ಮಲಯಾಳ) ಭಾಷೆಗಳಿಗೆ ಕೇಳಿ ನೋಡಿ. ಎರಡಕ್ಕೂ ಕನಿಷ್ಠ ಒಂದೊಂದು ಸಾಲು ಬರಬೇಕು. ಕನ್ನಡ ಬಂತೆಂದು ಸಮಾಧಾನಪಟ್ಟು ಮಲಯಾಳ ಪರೀಕ್ಷಿಸದೆ ಬಿಟ್ಟರೆ ಇಲ್ಲಿ ಅರ್ಧ ಸದಸ್ಯರ ರಸೀದಿ ಖಾಲಿ ಚೌಕಗಳಲ್ಲೇ ಹೋದೀತು.

ಕ್ರೋಮಿಯಂಗೆ ಇನ್ನೊಂದು ಅಡ್ಡಿ ಇದೆ. ಡಾಕರ್ ಹಂಚಿಕೆಯ ಮೆಮೊರಿಗೆ ಕೊಡುವುದು ಡಿಫಾಲ್ಟಾಗಿ 64 ಎಂಬಿ. ಉದ್ದದ ಲೆಡ್ಜರ್ ಪುಟ ಬಂದಾಗ 'ಪೇಜ್ ಕ್ರ್ಯಾಶ್ಡ್' ಎನ್ನುತ್ತದೆ, ಸಣ್ಣ ರಸೀದಿಗೆ ಏನೂ ಆಗುವುದಿಲ್ಲ. 'ಎಸ್‌ಎಚ್‌ಎಂ ಸೈಜ್' 256 ಎಂಬಿ ಮಾಡಿ. ಮುಖ್ಯವಾಗಿ ಕ್ರೋಮಿಯಂ ಪ್ರೊಸೆಸ್ಸುಗಳು ನೋಡ್‌ನ ಹೀಪಿಗೆ ಸೇರಿದವಲ್ಲ, ಕಂಟೈನರಿನ ಮಿತಿಗೆ ಸೇರಿದವು. ಬಿಲ್ಲಿಂಗ್ ಆಪ್ ಜೊತೆಗೇ ಅದನ್ನಿಟ್ಟರೆ ಒಂದು ದೊಡ್ಡ ವರದಿ ಇಡೀ ಕೌಂಟರನ್ನು ನಿಲ್ಲಿಸಬಹುದು. ಪಿಡಿಎಫ್ ಕೆಲಸಕ್ಕೆ ಪ್ರತ್ಯೇಕ ಕಂಟೈನರು, ಪ್ರತ್ಯೇಕ ಮಿತಿ ಇರಲಿ.

ಅಕಾರಾದಿ ಪಟ್ಟಿಯೂ ಹೀಗೆಯೇ ಕೆಡುತ್ತದೆ, ಆದರೆ ಸದ್ದಿಲ್ಲದೆ. ಯೂನಿಕೋಡಿನಲ್ಲಿ ಳ ಅಕ್ಷರ ಲ ಆದ ಕೂಡಲೇ, ವ, ಶ, ಷ, ಸ, ಹಗಳಿಗಿಂತ ಮೊದಲು ಬರುತ್ತದೆ. ನಮ್ಮ ವರ್ಣಮಾಲೆಯಲ್ಲಿ ಅದು ಕೊನೆಯದು. ಜಾವಾಸ್ಕ್ರಿಪ್ಟಿನ ಬರೀ 'ಸಾರ್ಟ್' ಸಂಕೇತಗಳ ಕ್ರಮವನ್ನೇ ಹಿಡಿಯುವುದರಿಂದ ಕಾಳಮ್ಮ ಮೊದಲು, ಕಾಸರಗೋಡು ಆಮೇಲೆ. ಪದಕೋಶದ ಕ್ರಮ ಇದರ ತಲೆಕೆಳಗು. 'ಇಂಟ್ಲ್ ಕೊಲೇಟರ್'ಗೆ ಕೆಎನ್ ಎಂದು ಕೊಟ್ಟರೆ ಸರಿಯಾಗುತ್ತದೆ. ನೋಡ್ 13ರಿಂದ ಎಲ್ಲ ಭಾಷೆಗಳ ಐಸಿಯು (ಭಾಷಾ ನಿಯಮಗಳ ಲೈಬ್ರರಿ) ದತ್ತಾಂಶ ಒಳಗೇ ಬರುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ವಿಂಗಡಿಸುವುದಾದರೆ ಡೆಬಿಯನ್ ಆಧಾರಿತ ಇಮೇಜು ಬಳಸಿ, ಕನ್ನಡ ಪಟ್ಟಿಗೆ 'ಕೆಎನ್-ಎಕ್ಸ್-ಐಸಿಯು', ಮಲಯಾಳ ಪಟ್ಟಿಗೆ 'ಎಂಎಲ್-ಎಕ್ಸ್-ಐಸಿಯು' ಕೊಲೇಶನ್ (ವಿಂಗಡಣೆ ಕ್ರಮ) ಕೊಡಿ. ಈಗಾಗಲೇ ಆಲ್ಪೈನ್ ಪೋಸ್ಟ್‌ಗ್ರೆಸ್‌ನಲ್ಲಿ ಇರುವ ವಾಲ್ಯೂಮನ್ನು ಡೆಬಿಯನ್ ಇಮೇಜಿಗೆ ಹಾಗೆಯೇ ಜೋಡಿಸಬೇಡಿ. ಎರಡರ ವಿಂಗಡಣೆ ಕ್ರಮ ಬೇರೆ. ಹಳೆಯ ಕ್ರಮದಲ್ಲಿ ಕಟ್ಟಿದ ಇಂಡೆಕ್ಸು (ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿ) ಹೊಸ ಕ್ರಮದಲ್ಲಿ ತಪ್ಪಾಗುತ್ತದೆ. ಇರುವ ಸದಸ್ಯ ಹುಡುಕಿದರೆ ಸಿಗುವುದಿಲ್ಲ, ಒಂದೇ ಹೆಸರು ಎರಡು ಸಲ ಸೇರಿಕೊಳ್ಳುತ್ತದೆ. ಡಂಪ್ ತೆಗೆದು ಮರುಸ್ಥಾಪಿಸುವುದು, ಕನಿಷ್ಠ ಎಲ್ಲ ಪಠ್ಯ ಇಂಡೆಕ್ಸುಗಳನ್ನು ರೀಇಂಡೆಕ್ಸ್ ಮಾಡುವುದು ಕಡ್ಡಾಯ.

ಸಮಯವನ್ನೂ ಮರೆಯುವಂತಿಲ್ಲ. ಕಂಟೈನರು ಯುಟಿಸಿಯಲ್ಲಿ, ಅಂದರೆ ಗ್ರೀನಿಚ್ ಸಮಯದಲ್ಲಿ, ಓಡುತ್ತದೆ. ನಮ್ಮ ಬೆಳಗ್ಗೆ 5:30ರವರೆಗೆ ಅದಕ್ಕೆ ಇನ್ನೂ ನಿನ್ನೆ. ಹಾಲಿನ ಸೊಸೈಟಿಯಲ್ಲಿ ನಸುಕಿನಲ್ಲೇ ಅಳೆದ ಹಾಲು ಹಿಂದಿನ ದಿನದ ಲೆಕ್ಕಕ್ಕೆ ಬೀಳುವುದು ಇದರಿಂದ. 'ಟಿಝಡ್' ಪರಿಸರ ಚರವನ್ನು ಏಷ್ಯಾ/ಕೋಲ್ಕತಾ ಎಂದಿಡಿ, ಡೇಟಾಬೇಸಿನಲ್ಲಿ ವಲಯಸಹಿತ ಟೈಮ್‌ಸ್ಟ್ಯಾಂಪನ್ನೇ ಬಳಸಿ.

ಪೋರ್ಟು, ಲಾಗು, ಆವೃತ್ತಿ

ಆಪ್ 127.0.0.1ಕ್ಕೆ ಕಿವಿಗೊಟ್ಟರೆ ಅದು ಕಂಟೈನರಿನ ಒಳಗಿನ ಲೋಕಲ್‌ಹೋಸ್ಟ್, ಹೊರಗಿನವರಿಗೆ ಸಿಗುವುದಿಲ್ಲ, ಎಲ್ಲ ವಿಳಾಸ ಎಂಬರ್ಥದ 0.0.0.0 ಎಂದಿರಬೇಕು. ಡೇಟಾಬೇಸಿನ ವಿಷಯದಲ್ಲಿ ಇದರ ವಿರುದ್ಧ. ಕಂಪೋಸ್‌ನಲ್ಲಿ ಪೋಸ್ಟ್‌ಗ್ರೆಸ್‌ನ ಪೋರ್ಟನ್ನು 5432:5432 ಎಂದು ತೆರೆದರೆ ಡಾಕರ್ ಲಿನಕ್ಸ್‌ನ ಐಪಿಟೇಬಲ್ಸ್ ಫೈರ್‌ವಾಲಿಗೆ ತನ್ನದೇ ನಿಯಮ ಸೇರಿಸುತ್ತದೆ, ಯುಎಫ್‌ಡಬ್ಲ್ಯು ಎಂಬ ಫೈರ್‌ವಾಲ್ ಸಾಧನದಲ್ಲಿ ಮುಚ್ಚಿದ್ದೇವೆ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಸಾರ್ವಜನಿಕ ಐಪಿ ಇರುವ ವಿಪಿಎಸ್‌ನಲ್ಲಿ (ಬಾಡಿಗೆಯ ಆನ್‌ಲೈನ್ ಸರ್ವರಿನಲ್ಲಿ) ಇದು ಇಡೀ ಜಗತ್ತಿಗೆ ಬಾಗಿಲು. ಆ ಸಾಲನ್ನೇ ತೆಗೆಯಿರಿ, ಇಲ್ಲವೇ ಮುಂದೆ 127.0.0.1 ಸೇರಿಸಿ.

ಡಾಕರ್‌ನ ಲಾಗಿಗೆ ಡಿಫಾಲ್ಟಾಗಿ ಮಿತಿಯೇ ಇಲ್ಲ. ಪ್ರತಿ ಕೋರಿಕೆಗೂ ಒಂದು ಸಾಲು ಬರೆಯುವ ಆಪ್ ತಿಂಗಳುಗಟ್ಟಲೆ ಓಡಿದರೆ 128 ಜಿಬಿ ಎಸ್‌ಎಸ್‌ಡಿ ತುಂಬುತ್ತದೆ, ಡಿಸ್ಕು ತುಂಬಿದಾಗ ಮೊದಲು ನಿಲ್ಲುವುದು ಪೋಸ್ಟ್‌ಗ್ರೆಸ್. 10 ಎಂಬಿಯ ಮೂರು ಫೈಲು ಎಂದು ಮಿತಿ ಹಾಕಿ.

ಆವೃತ್ತಿಯಲ್ಲಿ 'ಲೇಟೆಸ್ಟ್' ಎಂದು ಎಂದೂ ಬರೆಯಬೇಡಿ. ನೋಡ್ 18ರ ಬೆಂಬಲ 2025ರ ಏಪ್ರಿಲ್‌ಗೆ ಮುಗಿದಿದೆ. 20ರ ಅವಧಿ 2026ರ ಏಪ್ರಿಲ್‌ವರೆಗೆ, 22ರದ್ದು 2027ರ ಏಪ್ರಿಲ್‌ವರೆಗೆ, 24ರದ್ದು 2028ರ ಏಪ್ರಿಲ್‌ವರೆಗೆ. ಸಂಘದೊಂದಿಗೆ ನಿರ್ವಹಣೆ ಒಪ್ಪಂದ ಮಾಡುವಾಗ ಈ ದಿನಾಂಕವನ್ನು ಕಾಗದದಲ್ಲೇ ಬರೆದಿಡುವುದು ಒಳ್ಳೆಯದು, ಯಾಕೆಂದರೆ ಓಡುತ್ತಿರುವ ಆಪ್ ಅನ್ನು ಮುಟ್ಟಲು ಆಮೇಲೆ ಯಾರೂ ದುಡ್ಡು ಕೊಡುವುದಿಲ್ಲ. ಒಮ್ಮೆ ಕಟ್ಟಿದ ಇಮೇಜು ತಾನಾಗಿ ಭದ್ರತಾ ತಿದ್ದುಪಡಿ ಪಡೆಯುವುದೂ ಇಲ್ಲ. ತಿಂಗಳಿಗೊಮ್ಮೆಯಾದರೂ ಮರಳಿ ಕಟ್ಟಬೇಕು.

ನೆಟ್ಟು ತೀರಾ ಕೈಕೊಟ್ಟ ಜಾಗಕ್ಕೆ 'ಡಾಕರ್ ಸೇವ್' ಮಾಡಿದ ಫೈಲನ್ನು ಜಿಜಿಪ್ ಮಾಡಿ ಪೆನ್‌ಡ್ರೈವಿನಲ್ಲಿ ಒಯ್ದು 'ಡಾಕರ್ ಲೋಡ್' ಮಾಡಬಹುದು. ಹೊಸ ಇಮೇಜು ಏರಿಸಿದ ಮೇಲೆ ಹಳೆಯದನ್ನು ಕೂಡಲೇ ಅಳಿಸಬೇಡಿ. ಇಮೇಜಿಗೆ ದಿನಾಂಕದ ಟ್ಯಾಗ್ ಹಾಕಿದ್ದರೆ ಕಂಪೋಸ್ ಫೈಲಿನ ಒಂದು ಸಾಲು ತಿದ್ದಿ ಹಿಂದಿನದಕ್ಕೆ ಮರಳಬಹುದು. ಹೊಸ ಆವೃತ್ತಿ ಡೇಟಾಬೇಸಿನ ಟೇಬಲ್ಲುಗಳನ್ನು ಬದಲಿಸಿದ್ದರೆ ಮಾತ್ರ ಅಷ್ಟು ಸಲೀಸಲ್ಲ: ಹಳೆಯ ಕಾಲಮ್ಮನ್ನು ಅದೇ ದಿನ ತೆಗೆಯದೆ, ಹೊಸದನ್ನು ಸೇರಿಸಿ, ಮುಂದಿನ ಬಿಡುಗಡೆಯಲ್ಲಿ ಹಳೆಯದನ್ನು ತೆಗೆಯಬೇಕು.